ಸ್ಟಾರ್ಟ್ ಆಗದ ಬೈಕನ್ನು ಬಿಚ್ಚುವ ಮೊದಲು

ನಮ್ಮ ಗ್ಯಾರೇಜಿಗೆ ತಳ್ಳಿಕೊಂಡು ಬರುವ ಬೈಕುಗಳಲ್ಲಿ ಎಷ್ಟೋ ಬೈಕುಗಳಿಗೆ ಸ್ಪಾನರ್ ಮುಟ್ಟಿಸುವ ಅಗತ್ಯವೇ ಇರುವುದಿಲ್ಲ. ತೊಳೆಯುವಾಗ ಕೈ ತಗುಲಿ, ಹ್ಯಾಂಡಲ್ ಮೇಲೆ ಎಂಜಿನ್ ನಿಲ್ಲಿಸಲೆಂದೇ ಇರುವ ಕಿಲ್ ಸ್ವಿಚ್ ಆಫ್ ಆಗಿರುತ್ತದೆ. ಇಲ್ಲವೇ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡು, ಸ್ಟ್ಯಾಂಡ್ ಮಡಚಿದ್ದರೂ ಬೈಕಿಗೆ ಅದು ಗೊತ್ತಾಗಿರುವುದಿಲ್ಲ. ಮಾಲೀಕರು ಅಷ್ಟರಲ್ಲಿ ಪ್ಲಗ್ ಬಿಚ್ಚಿ, ಫ್ಯೂಸ್ ಕಿತ್ತು, ಯಾವುದೋ ವೀಡಿಯೊ ನೋಡಿ ಕಾರ್ಬುರೇಟರಿನ ಸ್ಕ್ರೂಗಳನ್ನೆಲ್ಲ ತಿರುಗಿಸಿ ತಂದಿರುತ್ತಾರೆ. ಮೂಲ ದೋಷಕ್ಕೆ ಐದು ನಿಮಿಷ, ಅವರು ಸೇರಿಸಿದ ದೋಷಗಳಿಗೆ ಅರ್ಧ ದಿನ.

ಆದ್ದರಿಂದ ನಾನು ಮೊದಲು ಕೇಳುವುದು ಒಂದೇ: ಸ್ಟಾರ್ಟರ್ ಬಟನ್ ಒತ್ತಿದಾಗ ಯಾವ ಸದ್ದು ಬರುತ್ತದೆ? ಸದ್ದೇ ಇಲ್ಲವೆಂದರೆ ಸ್ವಿಚ್ಚುಗಳು, ಫ್ಯೂಸ್, ಬ್ಯಾಟರಿ ಟರ್ಮಿನಲ್ ನೋಡಬೇಕು. ಕಟಕಟ ಎಂದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ರಿಲೇ ಎಳೆಯುತ್ತಿದೆ, ಆದರೆ ಮೋಟಾರ್ ತಿರುಗುವಷ್ಟು ಕರೆಂಟ್ ಸಿಗುತ್ತಿಲ್ಲ. ಎಂಜಿನ್ ಚುರುಕಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯ ಗೊಡವೆ ಬಿಟ್ಟು ಪೆಟ್ರೋಲ್, ಗಾಳಿ, ಕಿಡಿ ಈ ಮೂರರ ಕಡೆಗೆ ಹೋಗಬೇಕು.

ಮನೆಯಲ್ಲಿ ವೋಲ್ಟ್ ಅಳೆಯಲು ಒಂದು ಸಾಧಾರಣ ಮಲ್ಟಿಮೀಟರ್ ಇರಲಿ. ಕೆಲವು ಗಂಟೆ ನಿಂತಿದ್ದ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಕ್ಸಿಲರೇಟರ್ ಸ್ವಲ್ಪ ಕೊಟ್ಟರೆ ಅದು 13.5ರಿಂದ 14.5ರ ನಡುವೆ ಇರಬೇಕು. ಏರದೇ ಇದ್ದರೆ ತಪ್ಪು ಚಾರ್ಜಿಂಗ್ ವ್ಯವಸ್ಥೆಯದು. ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದ್ದರೂ ವರ್ಷಕ್ಕೊಂದು ಹೊಸ ಬ್ಯಾಟರಿ ಹಾಕಿಸುತ್ತಲೇ ಇರುವವರನ್ನು ಕಂಡಿದ್ದೇನೆ. ಈ ಅಳತೆಯನ್ನು ಯಾರೂ ಅವರಿಗಾಗಿ ತೆಗೆದಿರುವುದಿಲ್ಲ. ಟರ್ಮಿನಲ್ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಕ್ರಮ ತಪ್ಪಿದರೆ ಪಾಸಿಟಿವ್ ನಟ್ಟಿನ ಮೇಲಿರುವ ಸ್ಪಾನರ್ ಫ್ರೇಮಿಗೆ ತಗುಲಿದ ಕೂಡಲೇ ಶಾರ್ಟ್ ಆಗುತ್ತದೆ.

ನನಗೆ ಇಷ್ಟವಾದ ಸಾಕ್ಷಿ ಸ್ಪಾರ್ಕ್ ಪ್ಲಗ್. ಎಂಜಿನ್ ತಣ್ಣಗಿರುವಾಗ, ಸುತ್ತಲಿನ ಮಣ್ಣನ್ನು ಊದಿ ತೆಗೆದ ಮೇಲೆ ಬಿಚ್ಚಬೇಕು. ಇಲ್ಲವಾದರೆ ಆ ಮಣ್ಣು ನೇರ ಸಿಲಿಂಡರಿಗೆ ಬೀಳುತ್ತದೆ. ತುದಿ ತಿಳಿ ಕಂದು ಬಣ್ಣದ್ದಾಗಿದ್ದರೆ ಸರಿ. ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಪೆಟ್ರೋಲಿನಲ್ಲಿ ನೆನೆದು ಬಂದರೆ ಕಿಡಿಯ ಮೇಲೆ ಅನುಮಾನ ಪಡಿ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಅದು ಮನೆಯ ಕೆಲಸವಲ್ಲ. ಮತ್ತೆ ಹಾಕುವಾಗ ಮೊದಲ ಸುತ್ತುಗಳು ಬೆರಳಿನಿಂದಲೇ ಆಗಲಿ. ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ಓರೆಯಾಗಿ ಕೂತ ಪ್ಲಗ್ಗನ್ನು ಸ್ಪಾನರಿನಿಂದ ಬಿಗಿದರೆ ಹೆಡ್ಡಿನ ಥ್ರೆಡ್ಡುಗಳು ಹಾಳಾಗುತ್ತವೆ.

ಚೈನಿನ ವಿಷಯದಲ್ಲಿ ಬಹುತೇಕರು ಹೆದರುವುದು ಸಡಿಲಕ್ಕೆ. ಹೆದರಬೇಕಾದುದು ಅತಿ ಬಿಗಿತಕ್ಕೂ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಬಿಗಿ ಚೈನ್ ಗೇರ್ ಬಾಕ್ಸಿನ ಬೇರಿಂಗನ್ನೇ ಜಗ್ಗುತ್ತದೆ. ಕೈಪಿಡಿಯಲ್ಲಿರುವ ಸಡಿಲದ ಅಳತೆಯನ್ನು, ಚಕ್ರ ತಿರುಗಿಸುತ್ತಾ ಚೈನ್ ಅತ್ಯಂತ ಬಿಗಿಯಾಗುವ ಜಾಗದಲ್ಲಿ ನೋಡಿ. ಎಂಜಿನ್ ಚಾಲು ಇಟ್ಟು ಬಟ್ಟೆಯಿಂದ ಚೈನ್ ಒರೆಸುವವರಿಗೆ ನಾನು ಜೋರಾಗಿಯೇ ಬೈಯುತ್ತೇನೆ. ಚೈನ್ ಓಡುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸಿಕ್ಕ ಬೆರಳು ಉಳಿಯುವುದಿಲ್ಲ.

ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ತಕ್ಷಣ ತುಂಬಬೇಡಿ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಂತೆ ಅದನ್ನು ತಳ್ಳುವ ಬ್ರೇಕಿನ ಪಿಸ್ಟನ್ ಹೊರಗೆ ಬರುತ್ತದೆ, ಮಟ್ಟ ಇಳಿಯುತ್ತದೆ. ಮೊದಲು ಪ್ಯಾಡಿನ ದಪ್ಪ ನೋಡಿ. ಅದು ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ, ಅದು ಸಿಗುವವರೆಗೆ ಆ ಬೈಕನ್ನು ಓಡಿಸಬೇಡಿ.