ಮಳೆಗಾಲ ಕಳೆದ ಮೇಲೆ ಎಟಿವಿ ಬ್ರೇಕ್ ಆಯಿಲ್ ಬದಲಾವಣೆ: ಕೆಲಸದ ದಾಖಲೆ

ಶನಿವಾರ, ಬಿಚ್ಚುವ ಮೊದಲು

ಗಾಡಿ ಮೂಡಿಗೆರೆ ಕಡೆಯ ಕಾಫಿ ತೋಟದ್ದು, ಫೋರ್ ವೀಲ್ ಡ್ರೈವ್ ಎಟಿವಿ (ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ). ಎಡಗೈಗೆ ಒಂದೇ ಲಿವರ್, ಒಂದೇ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಪಂಪ್, ಮುಂದೆ ಬರೀ ಮಾಸ್ಟರ್). ಮುಂದಿನ ಎರಡು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಹಿಂದಿನ ಒಂದು ಕ್ಯಾಲಿಪರ್, ಮೂರಕ್ಕೂ ಅಲ್ಲಿಂದಲೇ ಆಯಿಲ್. ತೊಂದರೆ ಇಷ್ಟು: ಲಿವರ್ ಮೆತ್ತಗಾಗಿದೆ, ಹಿಡಿದರೆ ಗ್ರಿಪ್ ತನಕ ಬರುತ್ತದೆ. ಎರಡು ಮೂರು ಸಲ ಪಂಪ್ ಹೊಡೆದರೆ ಗಟ್ಟಿಯಾಗುತ್ತದೆ.

ಸ್ಪ್ಯಾನರ್ ಮುಟ್ಟುವ ಮೊದಲು ಲಿವರನ್ನು ಒಂದು ನಿಮಿಷ ಬಿಗಿಯಾಗಿ ಹಿಡಿದು ನೋಡಬೇಕು. ಪಂಪ್ ಹೊಡೆದಾಗ ಮೇಲೆ ಬಂದು ಅಲ್ಲೇ ನಿಂತರೆ ಲೈನಿನಲ್ಲಿ ಏರ್ ಇದೆ, ಇಲ್ಲವೇ ಡಿಸ್ಕ್ ಸೊಟ್ಟಗಾಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿದೆ. ಹಿಡಿದಂತೆಯೇ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಅಥವಾ ಮಾಸ್ಟರ್ ಒಳಗಿನ ಕಪ್ ಸೀಲ್ ಹೋಗಿದೆ. ಆಗ ಎಷ್ಟು ಏರ್ ತೆಗೆದರೂ ವ್ಯರ್ಥ. ಇದರಲ್ಲಿ ಇಳಿಯಲಿಲ್ಲ. ಡಿಸ್ಕ್‌ಗಳೂ ನೇರವಾಗಿವೆ. ಹಾಗಾಗಿ ಮಾಸ್ಟರಿನ ಸೀಲ್ ಕಿಟ್ ಬೇಡ, ಆಯಿಲ್ ಬದಲಿಸಿ ಏರ್ ತೆಗೆದರೆ ಸಾಕು ಎಂದು ತೀರ್ಮಾನ.

ಮುಚ್ಚಳ ತೆಗೆದರೆ ಒಳಗಿನ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ಗ್ರೇಡ್) ತಿಳಿ ಹಳದಿ ಇರುತ್ತದೆ. "ಗಾಡಿ ಓಡೇ ಇಲ್ಲವಲ್ಲ, ಆಯಿಲ್ ಯಾಕೆ ಹಾಳಾಗುತ್ತೆ?" ಎಂದು ಕೇಳುವವರು ಬಹಳ. ಗ್ಲೈಕಾಲ್ ಆಧಾರದ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ರಬ್ಬರ್ ಹೋಸ್ ಮೂಲಕವೂ ತೇವ ನುಸುಳುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಂತ ಗಾಡಿಗೆ ಕಿಲೋಮೀಟರ್ ಲೆಕ್ಕ ಅನ್ವಯಿಸುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಎನ್ನುವುದು ಸಾಮಾನ್ಯ ಸಲಹೆ. ನಮ್ಮ ಕಡೆಗೆ ವರ್ಷಕ್ಕೊಮ್ಮೆ, ಮಳೆ ನಿಂತು ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಮಾಡಿದರೆ ಸರಿ.

ನೀರು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅಂಕಿ ಇದೆ. ಹೊಸ ಡಾಟ್ 4ರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. 3.7% ನೀರು ಸೇರಿದಾಗ ಮಾನದಂಡ ಕೇಳುವುದು 155 ಮಾತ್ರ. ಡಾಟ್ 3ಕ್ಕೆ ಇದೇ ಅಂಕಿಗಳು 205 ಮತ್ತು 140. ಗಾಡಿಯ ಹಿಂಬದಿಗೆ ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಗುಡ್ಡದ ಮೇಲಿನ ತೋಟದ ಪಟ್ಟೆಯಿಂದ ಕಣದವರೆಗೆ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರ್ ಕಾದು, ಒಳಗಿನ ನೀರು ಆವಿಯಾಗಿ, ಲಿವರ್ ಒಮ್ಮೆಲೇ ಸಡಿಲವಾಗುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. "ಕೆಳಗೆ ಬಂದು ನೋಡಿದರೆ ಚೆನ್ನಾಗೇ ಇತ್ತು" ಎಂಬ ದೂರಿಗೆ ಬಹುತೇಕ ಇದೇ ಕಾರಣ.

ಬೇಕಾದ ಸಾಮಾನು: ಸೀಲ್ ಒಡೆಯದ ಡಾಟ್ 4 ಅರ್ಧ ಲೀಟರ್. ಗಾಡಿಯೊಳಗೆ ಹಿಡಿಸುವುದು ಕಾಲು ಲೀಟರಿಗಿಂತ ಕಡಿಮೆ, ಉಳಿದದ್ದು ಹಳೆಯದನ್ನು ತಳ್ಳಿ ತೆಗೆಯಲು. ಯಾವ ಗ್ರೇಡ್ ಎಂಬುದನ್ನು ಮಾಸ್ಟರ್ ಮುಚ್ಚಳದ ಮೇಲೇ ಅಚ್ಚು ಹಾಕಿರುತ್ತಾರೆ. ಅಂಗಡಿಯಲ್ಲಿ ಡಾಟ್ 5 ಕೊಟ್ಟರೆ ತರಬೇಡಿ, ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದೇ. ಇನ್ನು 8ರ ರಿಂಗ್ ಸ್ಪ್ಯಾನರ್, ನಿಪ್ಪಲ್‌ಗೆ (ಕ್ಯಾಲಿಪರಿನಿಂದ ಆಯಿಲ್, ಏರ್ ಹೊರಬಿಡುವ ಸ್ಕ್ರೂ) ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್, ಖಾಲಿ ಬಾಟಲಿ, 60 ಮಿಲಿ ಸಿರಿಂಜ್, ಒಂದು ಬಕೆಟ್ ನೀರು. ನೀರು ಯಾಕೆಂದರೆ ಈ ಆಯಿಲ್ ಪೇಂಟನ್ನು ತಿನ್ನುತ್ತದೆ. ಬಿದ್ದ ತಕ್ಷಣ ತೊಳೆದರೆ ಏನೂ ಆಗುವುದಿಲ್ಲ, ಒರೆಸಿ ಬಿಟ್ಟರೆ ಕಲೆ ಉಳಿಯುತ್ತದೆ.

ಶನಿವಾರ ಮಧ್ಯಾಹ್ನ, ನಿಪ್ಪಲ್

ಹಿಂದಿನ ಕ್ಯಾಲಿಪರ್ ನಿಪ್ಪಲ್ ಅಲುಗಾಡಲಿಲ್ಲ. ರಬ್ಬರ್ ಟೋಪಿ ಹಾರಿಹೋಗಿ ತೂತಿನೊಳಗೆ ಕೆಮ್ಮಣ್ಣು ಕಲ್ಲಾಗಿದೆ, ಸುತ್ತ ಬಿಳಿ ಹಸಿರು ಪುಡಿ. ಇದೇ ಗಾಡಿಯಲ್ಲಿ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪಡಣೆ ಔಷಧ) ಡ್ರಮ್ ಸಾಗಿಸುತ್ತಾರೆ. ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಸುಣ್ಣ ಅಲ್ಯೂಮಿನಿಯಮ್ಮನ್ನು ಬಿಡುವುದಿಲ್ಲ. ಸಿಂಪಡಣೆ ಮುಗಿದ ದಿನವೇ ಕ್ಯಾಲಿಪರ್‌ಗಳಿಗೆ ನೀರು ಹೊಡೆಯುವ ಅಭ್ಯಾಸ ಇಟ್ಟುಕೊಂಡರೆ ಈ ಗೋಳು ಇಲ್ಲ.

ನಿಪ್ಪಲ್ ಟೊಳ್ಳು. ಓಪನ್ ಸ್ಪ್ಯಾನರ್ ಹಾಕಿ ಬಲ ಕೊಟ್ಟರೆ ಮೂಲೆ ಸವೆಯುತ್ತದೆ, ಇನ್ನೂ ಬಲ ಕೊಟ್ಟರೆ ಕುತ್ತಿಗೆಯಲ್ಲೇ ಮುರಿಯುತ್ತದೆ, ಆಮೇಲೆ ಕ್ಯಾಲಿಪರ್ ಬಿಚ್ಚಿ ಲೇತ್‌ಗೆ ಒಯ್ಯಬೇಕು. ಮಾಡಿದ್ದು ಹೀಗೆ: ತೂತಿನ ಮಣ್ಣನ್ನು ಸೂಜಿಯಿಂದ ತೆಗೆದು, ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಗಂಟೆ ಬಿಡುವುದು. ಪ್ಯಾಡಿಗೆ ತಾಗದಂತೆ ಬಟ್ಟೆ ಅಡ್ಡ ಹಿಡಿಯಬೇಕು. ತೂತಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್‌ನ ಹಿಂಬದಿಯನ್ನು ಒಳಗಿಟ್ಟು, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಮೆತ್ತಗೆ ತಟ್ಟಿ, ರಿಂಗ್ ಸ್ಪ್ಯಾನರಿನಿಂದ ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು, ನಂತರ ಬಿಚ್ಚುವ ದಿಕ್ಕಿಗೆ. ಬಂತು. ಹಳೆಯದನ್ನು ಎಸೆದು ಹೊಸ ನಿಪ್ಪಲ್.

ಮುಂದಿನ ಎರಡೂ ಸಲೀಸು.

ಭಾನುವಾರ ಬೆಳಿಗ್ಗೆ, ಹಳೇ ಆಯಿಲ್ ಹೊರಗೆ

ಮೊದಲು ಸಿರಿಂಜಿನಿಂದ ಮೇಲಿನ ಡಬ್ಬಿಯ ಕೊಳಕು ಆಯಿಲ್ ಹೀರಿ ತೆಗೆದದ್ದು. ಇದನ್ನು ಬಿಟ್ಟರೆ ಅಷ್ಟೂ ಕೊಳೆಯನ್ನು ಲೈನಿನೊಳಗೆ ತಳ್ಳಿದ ಹಾಗಾಗುತ್ತದೆ. ತಳದಲ್ಲಿ ಎರಡು ತೂತು ಕಾಣುತ್ತವೆ, ಒಂದು ದೊಡ್ಡದು, ಇನ್ನೊಂದು ಸೂಜಿ ಮೊನೆಯಷ್ಟು. ಆ ಚಿಕ್ಕದರ ಮೇಲೆ ಜೆಲ್ಲಿಯಂಥ ಗಸಿ ಕೂತಿತ್ತು. ಲಿವರ್ ಬಿಟ್ಟಾಗ ಆಯಿಲ್ ವಾಪಸ್ ಬರುವುದು ಅಲ್ಲಿಂದಲೇ. ಅದು ಕಟ್ಟಿದರೆ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಹೊಸ ಆಯಿಲಿನಲ್ಲಿ ಅದ್ದಿದ ನೂಲಿಲ್ಲದ ಬಟ್ಟೆಯಿಂದ ಒರೆಸಿ, ಕೊಳೆಯಾದ ಆಯಿಲ್ ಮತ್ತೆ ಹೀರಿ, ಹೊಸದು ತುಂಬಿಸಿದ್ದು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಈ ಭಾಗದ ಹತ್ತಿರ ಬರಕೂಡದು, ರಬ್ಬರ್ ಸೀಲ್ ಊದಿಕೊಳ್ಳುತ್ತದೆ.

ಹ್ಯಾಂಡಲನ್ನು ಡಬ್ಬಿ ಮಟ್ಟಸವಾಗುವ ತನಕ ತಿರುಗಿಸಿ ಕಟ್ಟಿದ್ದು. ಮುಚ್ಚಳ ಸುಮ್ಮನೆ ಮೇಲಿಟ್ಟಿರಬೇಕು, ಲಿವರ್ ಒತ್ತಿದಾಗ ಆ ಚಿಕ್ಕ ತೂತಿನಿಂದ ಆಯಿಲ್ ಕಾರಂಜಿಯಾಗಿ ಕಣ್ಣಿಗೇ ಹಾರುತ್ತದೆ.

ಸರದಿ: ಮಾಸ್ಟರಿನಿಂದ ಅತಿ ದೂರದ್ದು ಮೊದಲು. ಇಲ್ಲಿ ಹಿಂದಿನದು, ಆಮೇಲೆ ಮುಂದಿನ ಬಲ, ಕೊನೆಗೆ ಮುಂದಿನ ಎಡ. ರಿಂಗ್ ಸ್ಪ್ಯಾನರ್ ಮೊದಲು ಹಾಕಿ, ಮೇಲೆ ಪೈಪ್ ಸಿಕ್ಕಿಸಿ, ಪೈಪಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಬೇಕು. ಒಬ್ಬರು ಲಿವರ್ ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಚ್ಚುವುದು, ಲಿವರ್ ಕೆಳಗೆ ಬಂದಾಗ ನಿಪ್ಪಲ್ ಮುಚ್ಚುವುದು, ಮುಚ್ಚಿದ ಮೇಲೆಯೇ ಲಿವರ್ ಬಿಡುವುದು. "ಒತ್ತು", "ಬಿಡು" ಎಂದು ಬಾಯಿಬಿಟ್ಟು ಹೇಳಿಕೊಂಡೇ ಮಾಡಬೇಕು. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಒಂದೇ ಸಲಕ್ಕೆ ಏರ್ ಒಳಗೆ.

ಎರಡು ಎಚ್ಚರಿಕೆ. ಲಿವರ್ ಮತ್ತು ಗ್ರಿಪ್ ನಡುವೆ ಬೆರಳು ದಪ್ಪದ ಮರದ ತುಂಡು ಕಟ್ಟಿ. ದಿನಬಳಕೆಯಲ್ಲಿ ಮಾಸ್ಟರ್ ಪಿಸ್ಟನ್ ಕೊನೆಯವರೆಗೆ ಹೋಗುವುದೇ ಇಲ್ಲ, ಆ ಭಾಗದಲ್ಲಿ ತುಕ್ಕು ಕೂತಿರುತ್ತದೆ. ಪೂರ್ತಿ ಒತ್ತಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಆಯಿಲ್ ಬದಲಿಸಿದ ಮರುದಿನವೇ ಮಾಸ್ಟರ್ ಕೈಕೊಡುವುದು ಹೀಗೆ. ಇನ್ನೊಂದು, ನಾಲ್ಕೈದು ಸಲ ಒತ್ತಿದ ಮೇಲೆ ಡಬ್ಬಿ ಇಣುಕಿ ನೋಡಿ. ತಳ ಕಂಡರೆ ಕೆಲಸ ಮೊದಲಿಂದ.

ಮುಂದಿನ ಎರಡರಲ್ಲೂ ಬೇಗ ತಿಳಿ ಆಯಿಲ್ ಬಂತು, ಗುಳ್ಳೆ ನಿಂತಿತು. ಲಿವರ್ ಅರ್ಧದಷ್ಟು ಸುಧಾರಿಸಿದೆ, ಇನ್ನೂ ಗಟ್ಟಿ ಆಗಿಲ್ಲ.

ಭಾನುವಾರ ಸಂಜೆ, ಉಳಿದ ಏರ್

ಅನುಮಾನ ಹಿಂದಿನ ಲೈನಿನ ಮೇಲೆ. ಅದು ಚಾಸಿಸ್ ಉದ್ದಕ್ಕೂ ಹೋಗಿ, ಹಿಂದೆ ಒಮ್ಮೆ ಏರಿ, ಮತ್ತೆ ಕ್ಯಾಲಿಪರ್‌ಗೆ ಇಳಿಯುತ್ತದೆ. ಆ ಉಬ್ಬಿನ ನೆತ್ತಿಯಲ್ಲಿ ಏರ್ ಕೂತರೆ ಲಿವರ್ ತಳ್ಳುವಷ್ಟು ಆಯಿಲ್ ಅದನ್ನು ಕೆಳಕ್ಕೆ ಒಯ್ಯುವುದಿಲ್ಲ. ಜೋರಾಗಿ ಪಂಪ್ ಹೊಡೆದರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗಿ ಇನ್ನೂ ಕಷ್ಟ.

ಇಲ್ಲಿ ಮಲೆನಾಡಿನ ಇಳಿಜಾರೇ ಉಪಕಾರಿ. ಗಾಡಿಯನ್ನು ಮೂತಿ ಮೇಲಾಗಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟದ್ದು. ಈಗ ಹಿಂದಿನ ಕ್ಯಾಲಿಪರಿನಿಂದ ಮಾಸ್ಟರ್‌ವರೆಗೆ ಲೈನ್ ಏರುತ್ತಲೇ ಹೋಗುತ್ತದೆ. ಡಬ್ಬಿಯ ಆಯಿಲ್ ಅರ್ಧ ಹೀರಿ ತೆಗೆದು, ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಪೈಪಿನ ಏರ್ ಪೂರ್ತಿ ಕಳೆದು, ಹಿಂದಿನ ನಿಪ್ಪಲಿನಿಂದ ಮೆಲ್ಲಗೆ ಮೇಲಕ್ಕೆ ತಳ್ಳಿದ್ದು. ಡಬ್ಬಿಯೊಳಗೆ ಗುಳ್ಳೆ ಎದ್ದವು. ತುಂಬಿ ಚೆಲ್ಲದಂತೆ ಒಬ್ಬರು ಮೇಲೆ ಹೀರುತ್ತಲೇ ಇರಬೇಕು. ಹಳೇ ಆಯಿಲ್ ಇರುವಾಗಲೇ ಈ ಕ್ರಮ ಹಿಡಿದರೆ ಕ್ಯಾಲಿಪರಿನ ಕೊಳೆ ಮಾಸ್ಟರ್‌ಗೆ ಏರುತ್ತದೆ, ಅದಕ್ಕೇ ಬೆಳಿಗ್ಗೆಯ ಕೆಲಸ ಮೊದಲು.

ಕೊನೆಗೆ ಮಾಸ್ಟರಿನ ಬ್ಯಾಂಜೋ ಬೋಲ್ಟ್ (ಹೋಸನ್ನು ಮಾಸ್ಟರ್‌ಗೆ ಜೋಡಿಸುವ ಟೊಳ್ಳು ಬೋಲ್ಟ್). ಸುತ್ತ ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು, ಬೋಲ್ಟ್ ಸ್ವಲ್ಪ ಸಡಿಲಿಸಿ ತಕ್ಷಣ ಬಿಗಿ. ಸಣ್ಣ "ಚಿರ್" ಸದ್ದು ಬಂತು, ಅಲ್ಲೂ ಏರ್ ಇತ್ತು. ಪೂರ್ತಿ ಬಿಚ್ಚಿದ್ದರೆ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಬೇಕಿತ್ತು. ಲಿವರ್ ಈಗ ಗಟ್ಟಿ.

ಲಿವರನ್ನು ರಾತ್ರಿಯಿಡೀ ಕಟ್ಟಿಡುವ ಪದ್ಧತಿ ಹಲವರಲ್ಲಿದೆ. ಸಣ್ಣ ಗುಳ್ಳೆಗಳಿಗೆ ಒಂದಷ್ಟು ಉಪಯೋಗವಾಗುತ್ತದೆ, ಆದರೆ ಕಟ್ಟಿದ್ದಾಗ ಆ ಚಿಕ್ಕ ತೂತು ಮುಚ್ಚಿರುತ್ತದೆ, ಏರ್ ಹೊರಬರುವುದು ಬಿಟ್ಟ ಮೇಲೆ. ಏರ್ ತೆಗೆಯುವ ಕೆಲಸಕ್ಕೆ ಅದು ಬದಲಿ ಆಗದು. ಸೋರಿಕೆ ಪತ್ತೆಗೆ ಮಾತ್ರ ಒಳ್ಳೆಯದು, ಇಲ್ಲಿ ಕಟ್ಟಿದ್ದೂ ಅದಕ್ಕೇ.

ಸೋಮವಾರ, ಪರೀಕ್ಷೆ

ಬ್ಯಾಂಜೋ, ನಿಪ್ಪಲ್ ಎಲ್ಲಕ್ಕೂ ಟಿಶ್ಯೂ ಒತ್ತಿ ನೋಡಿದರೆ ಒಣಗಿವೆ. ಚಕ್ರ ಎತ್ತಿ ತಿರುಗಿಸಿದಾಗ ಮುಂದಿನ ಎಡ ಚಕ್ರ ಬಿಗಿ. ನಿಪ್ಪಲ್ ತೆರೆದರೂ ಸಡಿಲವಾಗಲಿಲ್ಲ, ಅಂದರೆ ಆಯಿಲ್ ಒತ್ತಡ ಉಳಿದಿಲ್ಲ, ಕ್ಯಾಲಿಪರೇ ಜಾರುತ್ತಿಲ್ಲ. ನಿಪ್ಪಲ್ ತೆರೆದಾಗ ಸಡಿಲವಾಗಿದ್ದರೆ ಮುಂದಿನ ಹೆಜ್ಜೆ ಮಾಸ್ಟರಿನ ಬ್ಯಾಂಜೋ ಸಡಿಲಿಸಿ ನೋಡುವುದು. ಅಲ್ಲೂ ಸಡಿಲವಾದರೆ ಮಾಸ್ಟರ್ ದೋಷ, ಆಗದಿದ್ದರೆ ಒಳಗೇ ಊದಿ ಕಟ್ಟಿಕೊಂಡ ಹೋಸ್.

ಪ್ಯಾಡ್ ತೆಗೆದಾಗ ಒಳಗಿನದು 1.5 ಮಿಮೀ, ಹೊರಗಿನದು 3 ಮಿಮೀ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಮಣ್ಣಿಗೆ ಹಿಡಿದಿದೆ. ಪಿನ್ ಉಜ್ಜಿ ಸಿಲಿಕೋನ್ ಗ್ರೀಸ್ ಹಚ್ಚಿದ ಮೇಲೆ ಚಕ್ರ ಸಲೀಸಾಗಿ ತಿರುಗಿತು. ಮಾಮೂಲಿ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಊದುತ್ತದೆ. ಓಡಿಸಿ ನೋಡಿದ್ದು ಮೊದಲು ಕಣದ ಸಮತಟ್ಟಿನಲ್ಲಿ, ಆಮೇಲೆ ಖಾಲಿ ಗಾಡಿಯಲ್ಲಿ ಇಳಿಜಾರು.

ಬಾಕಿ: ಮುಂದಿನ ಎಡದ ಪ್ಯಾಡ್ ಜೋಡಿ, ಮೂರು ನಿಪ್ಪಲ್‌ಗೂ ರಬ್ಬರ್ ಟೋಪಿ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳಿದಾಗ ಡಬ್ಬಿ ಉಕ್ಕುತ್ತದೆ, ಮೊದಲೇ ಸ್ವಲ್ಪ ಹೀರಿ ತೆಗೆಯಬೇಕು. ಹಳೇ ಆಯಿಲ್ ಬಾಟಲಿಗೆ ಚೀಟಿ ಅಂಟಿಸಿ ಶೆಡ್ಡಿನಲ್ಲಿಟ್ಟಿದೆ, ಹಳ್ಳಕ್ಕಾಗಲಿ ಗಿಡದ ಬುಡಕ್ಕಾಗಲಿ ಸುರಿಯುವಂತಿಲ್ಲ. ಹೊಸ ಬಾಟಲಿಯಲ್ಲಿ ಉಳಿದದ್ದನ್ನೂ ಮುಂದಿನ ವರ್ಷಕ್ಕೆ ಇಡದೆ ಅದಕ್ಕೇ ಸೇರಿಸಿದೆ.