575 ಮೆಟ್ಲ ಅಷ್ಟ ಅಲ್ಲೇನು?

"ರಾಯಚೂರಾಗ ಈ ಹೊತ್ನ್ಯಾಗ ಕಲ್ಲಿನ ಮ್ಯಾಲ ನಿಂದ್ರತಿಯೇನಪ್ಪಾ?"

ಭಾನುವಾರದಿಂದ ಈ ಮಾತು ತಲೆಬಿಟ್ಟು ಹೋಗಿಲ್ಲ. ಆನೆಗೊಂದಿ ಹತ್ತಿರದ ಹನುಮನ ಬೆಟ್ಟ ಅಂಜನಾದ್ರಿಯ ಬುಡದಲ್ಲಿ ಮಜ್ಜಿಗೆ ಮಾರುವ ಅಜ್ಜಿ ಕೇಳಿದ್ದು. ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹತ್ತಲು ನಿಂತಿದ್ದ ಯಜಮಾನರ ಕೈಯಲ್ಲಿ ನಾಲ್ಕು ಜನಕ್ಕೆ ಒಂದೇ ಲೀಟರ್ ಬಾಟಲಿ. ಗಂಟೆ ಹನ್ನೊಂದು. "ನೀರು ಸಾಲಂಗಿಲ್ಲ" ಅಂದಳು ಅಜ್ಜಿ. "575 ಮೆಟ್ಲ ಅಷ್ಟ ಅಲ್ಲೇನು ಯವ್ವಾ? ನಾವು ರಾಯಚೂರ್ನವ್ರು, ಬಿಸಿಲು ನಮಗೇನ್ ಹೊಸಾದಲ್ಲ" ಅಂದರು ಅವರು. ಅದಕ್ಕೆ ಅಜ್ಜಿಯದು ಆ ಪ್ರಶ್ನೆ.

ಮನುಷ್ಯ ಕೆಟ್ಟವರಲ್ಲ. ಹೆಂಡತಿಯ ಚೀಲವನ್ನೂ ತಾವೇ ಹೊತ್ತಿದ್ದರು. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮೆಲ್ಲರಿಗೂ ಇರುವ ಬಿಸಿಲಿನ ಜಂಬ ಅವರಿಗೂ ಇತ್ತು. ಪೇಪರಿನಲ್ಲಿ 41 ಡಿಗ್ರಿ ಅಂತ ಬಂದರೆ ಅದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದ ಶಾಖ. ಬೆಟ್ಟದ ಮೇಲೆ ಆ ಪೆಟ್ಟಿಗೆಯೂ ಇಲ್ಲ, ನೆರಳೂ ಅಷ್ಟಕ್ಕಷ್ಟೇ. ಮೇಲೆ ಸೂರ್ಯ, ಕೆಳಗೆ ಕಾದ ಕಲ್ಲು, ಎರಡೂ ಬದಿಗೆ ಕಾವು ಉಗುಳುವ ಗುಂಡುಬಂಡೆಗಳು. ಅವುಗಳ ಸಂದಿಯಲ್ಲಿ ಗಾಳಿಯೂ ಆಡುವುದಿಲ್ಲ. ಮೆಟ್ಟಿಲ ಲೆಕ್ಕದಲ್ಲಿ ಇದ್ಯಾವುದೂ ಬರುವುದಿಲ್ಲ.

ಬೇಸಿಗೆಯಲ್ಲಿ ಈ ಬೆಟ್ಟ ಹತ್ತುವ ಕ್ರಮವೇ ಬೇರೆ. ಆನೆಗೊಂದಿಯಿಂದ ನಸುಕಿನ ಐದೂವರೆಗೆ ನಡೆಯಲು ಶುರುಮಾಡಬೇಕು. ದಾರಿಯಲ್ಲೇ ಪಕ್ಕಕ್ಕೆ ತಿರುಗಿದರೆ ಪಂಪಾ ಸರೋವರ. ಮಾನಸ, ಬಿಂದು, ನಾರಾಯಣ, ಪುಷ್ಕರ ಎಂಬ ಪವಿತ್ರ ಸರೋವರಗಳ ಸಾಲಿನಲ್ಲಿ ಎಣಿಸುವ ಐದನೆಯದು ಇದೇ. ದೊಡ್ಡ ಕೆರೆಯನ್ನು ಊಹಿಸಿಕೊಂಡು ಬಂದವರಿಗೆ ನಿರಾಸೆಯಾದೀತು, ಇದು ಬೆಟ್ಟದ ಮಡಿಲಿನ ಹೊಂಡ. ಅಲ್ಲಿ ಹತ್ತು ನಿಮಿಷ ಕೂತು ನಿಮ್ಮ ಬಾಟಲಿಯಿಂದ ಎರಡು ಲೋಟ ನೀರು ಕುಡಿದುಬಿಡಿ. ಬಾಯಾರಿದ ಮೇಲೆ ಕುಡಿಯುತ್ತೇನೆ ಅಂದರೆ ಅಷ್ಟೊತ್ತಿಗೆ ಮೈ ಆಗಲೇ ಒಣಗಿರುತ್ತದೆ. ಏಳರೊಳಗೆ ಮೊದಲ ಮೆಟ್ಟಿಲು, ಒಂಬತ್ತರೊಳಗೆ ಮತ್ತೆ ಕೆಳಗೆ. ಗಟ್ಟಿ ಕಾಲಿನವರಿಗೆ ಹತ್ತಲು ಅರ್ಧ ಗಂಟೆ, ಮಕ್ಕಳಿದ್ದರೆ ಒಂದು ಗಂಟೆ.

ನೀರು ತಲೆಗೆ ಎರಡು ಲೀಟರ್. ತುದಿ ಮುಟ್ಟಿದಾಗ ಅರ್ಧ ಉಳಿದಿರಬೇಕು, ಇಳಿಯುವುದಕ್ಕೂ ಮೈ ಬೆವರುತ್ತದೆ. ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿಕೊಳ್ಳಿ. ಉಪ್ಪು ಅಂದಾಜಿಗೆ ಸುರಿಯಬೇಡಿ, ಹೆಚ್ಚಾದರೆ ಅದೇ ತೊಂದರೆ. ಬಾಟಲಿ ಕೈಯಲ್ಲಿ ಆಡಿಸುತ್ತ ಹೋಗಬೇಡಿ. ಕೋತಿಗಳಿಗೆ ಕ್ಯಾರಿಬ್ಯಾಗಿನ ಸಪ್ಪಳವಂತೂ ಊಟದ ಗಂಟೆ ಇದ್ದ ಹಾಗೆ. ಜಿಪ್ ಇರುವ ಬೆನ್ನಚೀಲವೇ ಸರಿ. ಬಂಡೆಯಡಿ ಬಗ್ಗಿ ನುಸುಳುವ ಕಡೆ ಚೀಲ ಎದೆಗೆ ತಂದುಕೊಂಡರೆ ಸಿಕ್ಕಿಕೊಳ್ಳುವುದಿಲ್ಲ.

ಹೆಚ್ಚು ಜನ ಮೋಸಹೋಗುವುದು ಕಾಲಿನ ವಿಷಯದಲ್ಲಿ. ಬೆಳಗ್ಗೆ ಬರಿಗಾಲಿಗೆ ತಂಪಾಗಿರುವ ಅದೇ ಮೆಟ್ಟಿಲು ಹನ್ನೊಂದರ ಮೇಲೆ ಹಂಚು. ಹತ್ತುವಾಗ ಉತ್ಸಾಹದಲ್ಲಿ ಗೊತ್ತಾಗುವುದಿಲ್ಲ. ದರ್ಶನ ಮುಗಿಸಿ ತಿರುಗಿದಾಗ ಒಂದೊಂದು ಹೆಜ್ಜೆಗೂ ಅಂಗಾಲು ಎತ್ತಿ ಕುಣಿಯಬೇಕು, ಆ ಕುಣಿತದಲ್ಲೇ ಮಂಡಿ ಉಳುಕುತ್ತದೆ. ಬರಿಗಾಲಿನ ಹರಕೆ ಇದ್ದವರು ನಸುಕಿನಲ್ಲೇ ಮುಗಿಸಲಿ. ಉಳಿದವರು ದಪ್ಪ ಹತ್ತಿಯ ಸಾಕ್ಸ್ ಒಂದು ಜೊತೆ ಇಟ್ಟುಕೊಂಡರೆ ಸಾಕು.

ತಲೆನೋವು, ವಾಕರಿಕೆ ಬಂದರೆ ತುದಿಯ ಆಸೆ ಬಿಟ್ಟು ನೆರಳು ಹುಡುಕಿ. ಮಾತು ತೊದಲಿದರೆ, ಹೇಳಿದ್ದು ತಿಳಿಯದಂತಾದರೆ ಅದು ಸುಸ್ತಲ್ಲ, ಬಿಸಿಲ ಹೊಡೆತ. ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಒತ್ತಿ, ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುವುದು ಮಾತ್ರ ಬೇಡ.

ಇದೆಲ್ಲ ನಮಗೆ ಗೊತ್ತಿಲ್ಲದ ವಿದ್ಯೆಯೇ? ಹೊಲದ ಕೆಲಸಕ್ಕೆ ಹೋಗುವವರು ಬೆಳಕು ಹರಿಯುವ ಮೊದಲೇ ಹೋಗಿ ಬಿಸಿಲೇರುವಷ್ಟರಲ್ಲಿ ಮರದಡಿ ಸೇರುತ್ತಾರೆ. ಸರ್ಕಾರವೂ ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1:30ಕ್ಕೆ ಮುಚ್ಚಿಸುತ್ತದೆ. ದುಡಿಮೆಗೆ ಇಷ್ಟು ಲೆಕ್ಕ ಹಾಕುವ ನಾವು ತಿರುಗಾಟಕ್ಕೆ ಹೊರಟರೆ ಮಾತ್ರ ಗಡದ್ದಾಗಿ ನಾಷ್ಟಾ ಮಾಡಿ, ಹತ್ತಕ್ಕೆ ಗಾಡಿ ಹತ್ತುತ್ತೇವೆ. ರಾಯಚೂರಿನಲ್ಲಿ ಆ ಹೊತ್ತಿನಲ್ಲಿ ಕಲ್ಲಿನ ಮೇಲೆ ಯಾರು ನಿಂತಾರು? ಬಿಸಿಲೂರಿನವರು ಅನ್ನುತ್ತೇವೆ, ನಮ್ಮ ಪರಿಚಯವೆಲ್ಲ ನೆರಳಿನದು.

ಆ ಯಜಮಾನರು ಒಂದರ ಸುಮಾರಿಗೆ ಇಳಿದರು. ಸಣ್ಣ ಹುಡುಗ ಹೆಗಲ ಮೇಲಿದ್ದ. ಬಾಟಲಿ ಇರಲಿಲ್ಲ. ತುಟಿ ಒಣಗಿದ್ದರೂ ಹುರುಪು ಇಳಿದಿರಲಿಲ್ಲ: "ಸಾಣಾಪುರ ಕೆರಿಗೆ ಹೋಗಿ ಹುಡುಗ್ರನ್ನ ನೀರಾಗ ಬಿಡೂಣು." ಹೆಂಡತಿ ದಿಟ್ಟಿಸಿ ನೋಡಿದರು, ಅಷ್ಟೇ. ನೋಡಬೇಕಾದ್ದೇ. ಆ ಕೆರೆ ತುಂಗಭದ್ರಾ ಎಡದಂಡೆ ಕಾಲುವೆಯದು. ದಂಡೆಯ ಮೇಲೆ ಕಾಣುವಂಥ ಗುಂಡುಗಳೇ ನೀರಿನಡಿಯಲ್ಲೂ ಇವೆ. ಮೊಣಕಾಲುದ್ದ ಅಂದುಕೊಂಡು ಇನ್ನೊಂದು ಹೆಜ್ಜೆ ಇಟ್ಟರೆ ಆಳ. ಮೇಲೆ ಅಲೆಯೂ ಇಲ್ಲದ್ದರಿಂದ ಏನೂ ತಿಳಿಯುವುದಿಲ್ಲ. ದಂಡೆಯಲ್ಲಿ ಕೂತು ನೋಡುವ ಕೆರೆ ಅದು, ಇಳಿಯುವುದಲ್ಲ.

ಅಜ್ಜಿ ತಾನು ಹೇಳಿದ್ದನ್ನು ಎತ್ತಿ ಆಡಲಿಲ್ಲ. ಹುಡುಗನ ಅಂಗಾಲಿಗೆ ಹಾಕಲು ನೀರಿನ ತಂಬಿಗೆ ಮುಂದೆ ಸರಿಸಿ, ಏಳು ಗ್ಲಾಸ್ ಮಜ್ಜಿಗೆಯ ದುಡ್ಡು ಎಣಿಸಿಕೊಂಡಳು.