ನಮ್ಮ ಕಥೆ ಮುಗೀತು

ಕಳೆದ ಶುಕ್ರವಾರ ಆಫೀಸಿನಲ್ಲಿ ನನ್ನ ಕೊನೆಯ ದಿನ. ಗ್ಲಾಸ್ಗೋದಲ್ಲಿ, ಒಂದೇ ಕಡೆ, 11 ವರ್ಷ. ಮಳೆನೀರು, ಕೊಳಚೆ ನೀರು ಎಲ್ಲಿಂದ ಎಲ್ಲಿಗೆ ಹರಿಯಬೇಕು, ಪೈಪು ಎಷ್ಟು ದಪ್ಪ ಬೇಕು, ಇಳಿಜಾರು ಎಷ್ಟಿರಬೇಕು ಅಂತ ಲೆಕ್ಕ ಹಾಕುವ ಕೆಲಸ. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ಮಾತ್ರ ಎಲ್ಲರಿಗೂ ನಮ್ಮ ನೆನಪಾಗುತ್ತದೆ.

ಮೂರು ಗಂಟೆಗೆ ಕೇಕ್ ಬಂತು, ಕಾರ್ಡ್ ಬಂತು. ಮ್ಯಾನೇಜರ್ ಎದ್ದು ನಿಂತು ಮಾತಾಡಿದರು. ಒಳ್ಳೆಯ ಮನುಷ್ಯನೇ, ಆದರೆ ಭಾಷಣ ಅಂದರೆ ಅರ್ಧ ಗಂಟೆ ಮುಂಚೆ ಯೋಚಿಸಿದರೆ ಸಾಕು ಅಂದುಕೊಂಡಿರುವ ಜಾತಿ. ನನ್ನ 11 ವರ್ಷದಲ್ಲಿ ಅವರಿಗೆ ನೆನಪಾಗಿದ್ದು ಚಿತ್ರಾನ್ನ. ಆಫೀಸಿನ ಪಾಟ್‌ಲಕ್‌ಗೆ ನಾನು ತರುತ್ತಿದ್ದ ಆ ಹಳದಿ ಅನ್ನ, ಅದರಲ್ಲಿನ ಕಡಲೆಬೀಜ, ಒಮ್ಮೆ ಯಾರೋ ಒಣಮೆಣಸಿನಕಾಯಿಯನ್ನು ಹಾಗೇ ಕಚ್ಚಿ ಕಣ್ಣೀರು ಹಾಕಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪೈಪುಗಳ ಬಗ್ಗೆ ಒಂದೇ ವಾಕ್ಯ ಬಂತು. ‘ಜೊತೆಗೆ ಒಳ್ಳೆಯ ಎಂಜಿನಿಯರ್ ಕೂಡ.’

ಜೊತೆಗೆ! ಕೂಡ!

ಆಗಲೇ ನನ್ನ ಎದುರು ಮೇಜಿನವರು ಎದ್ದರು. ಅರವತ್ತು ದಾಟಿದ ಸ್ಕಾಟ್. ನಮ್ಮ ಮನೆಯಲ್ಲಿ ಅವರ ಹೆಸರು ‘ತಾತ’, ಅದು ಅವರಿಗೆ ಗೊತ್ತಿಲ್ಲ. ಚಹಾದ ಕಪ್ ಕೆಳಗಿಟ್ಟರು. ಕಣ್ಣು ಎರಡನ್ನೂ ಎಷ್ಟು ಅಗಲ ಮಾಡಿದರು ಅಂದರೆ ಬಿಳಿ ಗುಡ್ಡೆಯೇ ಕಂಡಿತು. ಕತ್ತನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ, ಸ್ಮಶಾನದಿಂದ ಎದ್ದು ಬಂದವರ ದನಿಯಲ್ಲಿ ಹೇಳಿದರು: ‘ಇನ್ನು ಚಿತ್ರಾನ್ನ ತರೋರು ಯಾರು? ವೀ ಆರ್ ಡೂ...ಮ್ಡ್.’

ಆ ‘ಡೂ’ ಮುಗಿಯುವ ಹೊತ್ತಿಗೆ ಒಂದು ಬಸ್ಸು ಹಿಡಿಯಬಹುದಿತ್ತು. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತು. ಇಪ್ಪತ್ತೈದು ವರ್ಷದ ಹುಡುಗರೂ ನಕ್ಕರು. ನನಗೊಬ್ಬಳಿಗೇ ಅರ್ಥ ಆಗಲಿಲ್ಲ. ನಮ್ಮ ಕಥೆ ಮುಗೀತು ಅಂತೀವಲ್ಲ, ಆ ಮಾತು. ಅದರಲ್ಲಿ ಇಷ್ಟು ನಗೋದು ಏನಿದೆ?

ಆಮೇಲೆ ಕೇಳಿದೆ. ತಾತ ನನ್ನನ್ನೇ ವಿಚಿತ್ರವಾಗಿ ನೋಡಿದರು. ‘ಹನ್ನೊಂದು ವರ್ಷ ಇಲ್ಲಿದ್ದೀಯ, ಜಾನ್ ಲಾರಿ ಗೊತ್ತಿಲ್ವಾ? ನಮ್ಮೂರಿನವನು. ಡಂಫ್ರೀಸ್. ಹ್ಯಾಮ್ಲೆಟ್ ಮಾಡಿದ್ದ ನಟ. ಆದ್ರೆ ಜನ ನೆನಪಿಟ್ಟುಕೊಂಡಿದ್ದು ಈ ಒಂದು ಮಾತು.’

ಅಷ್ಟು ಹೇಳಿ ಕೇಕ್ ತಿನ್ನಲು ಹೋದರು. ನನಗೆ ಚುಚ್ಚಬೇಕು ಅಂತ ಹೇಳಿದ್ದಲ್ಲ, ಗೊತ್ತು. ಆದರೂ ಬಸ್ಸಿನಲ್ಲಿ ಕೂತರೆ ಅದೇ. ಹ್ಯಾಮ್ಲೆಟ್ ಮಾಡಿದ್ದ, ನೆನಪಿಟ್ಟುಕೊಂಡಿದ್ದು ಈ ಒಂದು ಮಾತು. ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ.

ವಾರಾಂತ್ಯ ಪೂರ್ತಿ ಇದರಲ್ಲೇ ಹೋಯಿತು. ಹೊಸ ಕೆಲಸಕ್ಕೆ ಇನ್ನೂ ಹತ್ತು ದಿನ ಇದೆ, ಮಾಡಲು ಬೇರೆ ಕೆಲಸವೂ ಇರಲಿಲ್ಲ. ಮೊದಲು ಆ ಮಾತು ಬಂದ ಟಿವಿ ಧಾರಾವಾಹಿ ಹುಡುಕಿದೆ. ‘ಡ್ಯಾಡ್ಸ್ ಆರ್ಮಿ’. ಬಿಬಿಸಿಯಲ್ಲಿ 1968ರಿಂದ 1977ರವರೆಗೆ 80 ಕಂತು ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಇನ್ನೇನು ದಡಕ್ಕೆ ಇಳಿದೇಬಿಡುತ್ತಾರೆ ಅನ್ನುವ ಭಯ ಇದ್ದಾಗ, ಸೈನ್ಯಕ್ಕೆ ಸೇರಲಾಗದ ಮುದುಕರು, ಹುಡುಗರನ್ನು ಸೇರಿಸಿ ಹೋಮ್ ಗಾರ್ಡ್ ಅಂತ ಮಾಡಿದ್ದರು. ಅಂಥ ಒಂದು ತುಕಡಿಯ ತಮಾಷೆ. ಬ್ಯಾಂಕ್ ಮ್ಯಾನೇಜರ್ ಕ್ಯಾಪ್ಟನ್, ಕಟುಕ ಲ್ಯಾನ್ಸ್ ಕಾರ್ಪೊರಲ್. ನಮ್ಮ ಲಾರಿ ಅದರಲ್ಲಿ ಪ್ರೈವೇಟ್ ಫ್ರೇಜರ್. ಶವಪೆಟ್ಟಿಗೆ ಮಾಡಿ ಹೆಣ ಸಾಗಿಸುವ ಕಸುಬಿನವನು. ಬಾರಾ ಅನ್ನುವ ದ್ವೀಪದವನು ಅಂತ ಕಥೆಯಲ್ಲಿ. ತಾತನಿಗೆ ಅದೊಂದು ಕೊರಗು. ಪಶ್ಚಿಮದ ಕೊನೆಯಲ್ಲಿರೋ ಬಾರಾ ಎಲ್ಲಿ, ದಕ್ಷಿಣದ ಡಂಫ್ರೀಸ್ ಎಲ್ಲಿ!

ಯಾವ ಕಷ್ಟ ಬಂದರೂ ಫ್ರೇಜರ್ ಮೊದಲು ಕಣ್ಣು ಬಿಡುತ್ತಾನೆ. ಬಾಂಬು ಬೀಳಲಿ, ವ್ಯಾನ್ ಕೆಟ್ಟು ನಿಲ್ಲಲಿ, ಕಥೆ ಮುಗೀತು. ಮಿಕ್ಕವರಿಗೆಲ್ಲ ಧೈರ್ಯ ಹೇಳಬೇಕಾದ ಹೊತ್ತಲ್ಲಿ ಈತ ಹೆಣದ ಅಳತೆ ತೆಗೆದುಕೊಳ್ಳುವವನ ಹಾಗೆ ನೋಡುತ್ತಿರುತ್ತಾನೆ. ಒಂದು ಕಡೆ ಎಲ್ಲರಿಗೂ ಕೇಳುತ್ತಾನೆ, ಆ ಹಳೇ ಖಾಲಿ ಕೊಟ್ಟಿಗೆಯ ಕಥೆ ಗೊತ್ತಾ ಅಂತ. ದೆವ್ವದ ಕಥೆಯೇ ಇರಬೇಕು ಅಂತ ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ. ಆತ ಕಣ್ಣರಳಿಸಿ ಹೇಳುತ್ತಾನೆ: ‘ಅದರಲ್ಲಿ ಏನೂ ಇರಲಿಲ್ಲ.’ ಅಷ್ಟೇ ಕಥೆ!

ಇದನ್ನು ನಾಲ್ಕು ಸಲ ಹಿಂದೆ ಹಾಕಿ ನೋಡಿದೆ. ಇವರು ಸೋಫಾದಿಂದ ‘ಸಾಕು ಕಣೇ’ ಅಂದರು.

ಧಾರಾವಾಹಿ ಶುರುವಾದಾಗ ಲಾರಿಗೆ 71 ವರ್ಷ. 1897ರಲ್ಲಿ ಹುಟ್ಟಿದವರು. ಆರ್ಕಿಟೆಕ್ಟ್ ಆಗಬೇಕಿತ್ತು. ಮೊದಲನೇ ಮಹಾಯುದ್ಧ ಬಂತು, ಹೋಗಿ ಕಾದಾಡಿ ಬಂದರು, ಬಂದ ಮೇಲೆ ನಾಟಕ ಹಿಡಿದರು. 1920ರ ದಶಕದಿಂದ ಎರಡನೇ ಯುದ್ಧದವರೆಗೆ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರ, ಶೇಕ್ಸ್‌ಪಿಯರನ ಹುಟ್ಟೂರು ಸ್ಟ್ರಾಟ್‌ಫರ್ಡ್, ಎರಡೂ ಕಡೆ ಶೇಕ್ಸ್‌ಪಿಯರ್. ಹ್ಯಾಮ್ಲೆಟ್, ಮ್ಯಾಕ್‌ಬೆತ್, ಮೂರನೇ ರಿಚರ್ಡ್. ಚಿಲ್ಲರೆ ಪಾತ್ರಗಳಲ್ಲ. ಒಬ್ಬ ನಟ ಜೀವಮಾನದಲ್ಲಿ ಒಂದು ಮಾಡಿದರೂ ಮೊಮ್ಮಕ್ಕಳಿಗೆ ಹೇಳಿಕೊಳ್ಳುವಂಥವು. ಎರಡನೇ ಯುದ್ಧದಲ್ಲಿ ನಿಜವಾದ ಹೋಮ್ ಗಾರ್ಡ್‌ನಲ್ಲೂ ಇದ್ದರು. ಹಾಗಾಗಿ ಆ ತಮಾಷೆ ಅವರಿಗೆ ಬರೀ ಕಥೆಯಲ್ಲ.

ಕೊನೆಗೆ ಈ ಫ್ರೇಜರ್. ಒಳ್ಳೆಯ ದಿನಗಳಲ್ಲಿ 1.8 ಕೋಟಿ ಜನ ನೋಡುತ್ತಿದ್ದರು. ಲಾರಿ ಸಂತೋಷಪಟ್ಟರಾ? ಇಲ್ಲ. ಧಾರಾವಾಹಿ ಬರೆದವರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿಯ ಮುಂದೆಯೇ ಗೊಣಗಿದ್ದರಂತೆ. ಶೇಕ್ಸ್‌ಪಿಯರನ ದೊಡ್ಡ ಪಾತ್ರ ಎಲ್ಲ ಮಾಡಿ, ಕಡೆಗೆ ಈ ಕಸದಿಂದ ಹೆಸರು ಬಂತಲ್ಲ ಅಂತ. ಬರೆದವನ ಮುಖಕ್ಕೇ!

ಅದನ್ನು ಓದಿ ನನಗೆ ಸಮಾಧಾನ ಆಯಿತು. ಸಣ್ಣ ಬುದ್ಧಿ ಅನ್ನಿ ಬೇಕಾದರೆ. ನಾನು ಮ್ಯಾನೇಜರ್ ಮುಖಕ್ಕೆ ಹೇಳಲಾಗದೇ ಕೇಕ್ ಕತ್ತರಿಸುತ್ತಾ ನಿಂತಿದ್ದೆ. ಈತ ಹೇಳಿಬಿಟ್ಟಿದ್ದರು.

ಭಾನುವಾರ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ ಹಾಕಿದೆವು. 1935ರದ್ದು. ಪೊಲೀಸರಿಂದ ತಪ್ಪಿಸಿಕೊಂಡ ನಾಯಕ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಒಬ್ಬ ಬಡ ರೈತನ ಮನೆಯಲ್ಲಿ ರಾತ್ರಿ ಉಳಿಯುತ್ತಾನೆ. ಆ ರೈತನೇ ಲಾರಿ. ಚಿತ್ರದಲ್ಲಿ ಕೆಲವೇ ನಿಮಿಷ. ಹೆಂಡತಿ ಚಿಕ್ಕ ವಯಸ್ಸಿನವಳು, ಪಟ್ಟಣ ಬಿಟ್ಟು ಬಂದು ಇಲ್ಲಿ ಒಣಗುತ್ತಿರುವವಳು. ಪೆಗ್ಗಿ ಆಶ್‌ಕ್ರಾಫ್ಟ್ ಮಾಡಿದ್ದಾರೆ. ಊಟಕ್ಕೆ ಕೂತಿದ್ದಾರೆ. ಲಾರಿ ಕೈ ಜೋಡಿಸಿ ದೇವರ ಪ್ರಾರ್ಥನೆ ಹೇಳುತ್ತಿದ್ದಾನೆ. ಮೇಜಿನ ಮೇಲೆ ಪತ್ರಿಕೆ, ಅದರಲ್ಲಿ ಕೊಲೆಯ ಸುದ್ದಿ. ಹೆಂಡತಿ ಪತ್ರಿಕೆ ನೋಡುತ್ತಾಳೆ, ಬಂದವನನ್ನು ನೋಡುತ್ತಾಳೆ. ಅವನೂ ಅವಳನ್ನು ನೋಡುತ್ತಾನೆ. ಕಣ್ಣಲ್ಲೇ ಮಾತಾಗುತ್ತದೆ. ಅಷ್ಟರಲ್ಲಿ ಪ್ರಾರ್ಥನೆಯ ಮಧ್ಯೆ ಈತ ಕಣ್ಣು ತೆರೆಯುತ್ತಾನೆ.

ಅದೇ ಕಣ್ಣು. ಶುಕ್ರವಾರ ತಾತ ಮಾಡಿ ತೋರಿಸಿದ ಅದೇ ಕಣ್ಣು! ಇಲ್ಲಿ ನಗು ಬರುವುದಿಲ್ಲ, ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತದೆ. ಕೊಟ್ಟಿಗೆಗೆ ಬೀಗ ಹಾಕುವುದು ಮರೆತೆ ಅಂತ ನೆಪ ಹೇಳಿ ಹೊರಗೆ ಹೋಗುತ್ತಾನೆ. ಹೋಗಿ ಕಿಟಕಿಯಲ್ಲಿ ಮುಖ ಇಟ್ಟು ಒಳಗೆ ನೋಡುತ್ತಾನೆ. ಹೆಂಡತಿಗೂ ಆ ಅಪರಿಚಿತನಿಗೂ ಏನೋ ಇದೆ ಅನ್ನುವ ಅನುಮಾನ. ಪಾಪ ಅವಳು ಅವನ ಜೀವ ಉಳಿಸುವ ಮಾತಾಡುತ್ತಿರುತ್ತಾಳೆ. ತಪ್ಪಿಸಿಕೊಳ್ಳಲಿ ಅಂತ ಗಂಡನ ಕೋಟನ್ನೇ ಕೊಟ್ಟು ಕಳಿಸುತ್ತಾಳೆ. ಮುಂದೆ ನಾಯಕನ ಎದೆಗೆ ಬಂದ ಗುಂಡು ಆ ಕೋಟಿನ ಜೇಬಿನಲ್ಲಿದ್ದ ಸ್ತೋತ್ರದ ಪುಸ್ತಕಕ್ಕೆ ಬಡಿದು ನಿಲ್ಲುತ್ತದೆ. ಇತ್ತ ಗಂಡ ಪುಸ್ತಕ ಎಲ್ಲಿ ಅಂತ ಕೇಳುತ್ತಾನೆ. ಕೋಟಿನಲ್ಲಿತ್ತು, ಕೊಟ್ಟುಬಿಟ್ಟೆ ಅನ್ನುತ್ತಾಳೆ. ಮುಂದಿನದನ್ನು ತೋರಿಸುವುದಿಲ್ಲ, ಅವಳ ಕೂಗು ಮಾತ್ರ ಕೇಳುತ್ತದೆ.

ಇವರೂ ಮೊಬೈಲ್ ಪಕ್ಕಕ್ಕಿಟ್ಟು ನೋಡಿದರು. ‘ಇವನೇನಾ ಅವನು?’ ಅಂದರು.

ಇವನೇ ಅವನು. ಅಲ್ಲೇ ನನಗೆ ಏನೋ ಹೊಳೆಯಿತು, ಎರಡು ದಿನದಿಂದ ತಲೆ ತಿನ್ನುತ್ತಿದ್ದದ್ದು. ಲಾರಿ ಫ್ರೇಜರ್‌ಗಾಗಿ ಬೇರೆ ಮುಖ ಹಾಕಿಕೊಳ್ಳಲೇ ಇಲ್ಲ. ಮ್ಯಾಕ್‌ಬೆತ್‌ನ ದನಿಯನ್ನೇ ಕೆಟ್ಟುನಿಂತ ವ್ಯಾನಿಗೆ ಬಳಸಿದರು. ನಗಿಸಬೇಕು ಅಂತ ಹೊರಟವರು ‘ಡೂಮ್ಡ್’ ಅಂದಿದ್ದರೆ ಒಂದು ವಾರ ನಗುತ್ತಿದ್ದರು ಜನ. ಈತ ನಿಜವಾಗಿಯೂ ಸಾಯುತ್ತೇವೆ ಅಂತಲೇ ಹೇಳುತ್ತಾರೆ. ಹಾಗಾಗಿ ಇವತ್ತಿಗೂ ಇಪ್ಪತ್ತೈದರ ಹುಡುಗ ನಗುತ್ತಾನೆ. ಹ್ಯಾಮ್ಲೆಟ್ ಎಲ್ಲೂ ಕಳೆದುಹೋಗಿಲ್ಲ, ಆ ‘ಡೂ’ ಒಳಗೇ ಇದ್ದಾನೆ. ಲಾರಿಗೆ ಅದು ಕಾಣಲಿಲ್ಲವೋ, ಕಂಡೂ ಗೊಣಗಿದರೋ. ಗೊಣಗುವುದು ಅವರ ಸ್ವಭಾವವೇ ಇರಬೇಕು ಅಂತ ನನ್ನ ಅನುಮಾನ. ಫ್ರೇಜರ್ ಅಷ್ಟು ಸಲೀಸಾಗಿ ಬಂದಿದ್ದು ಸುಮ್ನೆ ಅಲ್ಲ.

ಇನ್ನೊಂದು ಹೇಳಲೇಬೇಕು. 1948ರಲ್ಲಿ ನಟ ಲಾರೆನ್ಸ್ ಒಲಿವಿಯರ್ ‘ಹ್ಯಾಮ್ಲೆಟ್’ ಸಿನಿಮಾ ಮಾಡಿದಾಗ ಲಾರಿಯೂ ಅದರಲ್ಲಿದ್ದರು. ಪಾತ್ರ? ಫ್ರಾನ್ಸಿಸ್ಕೊ. ಮೊದಲ ದೃಶ್ಯದಲ್ಲಿ ಕೋಟೆಯ ಮೇಲೆ ಕಾವಲಿಗೆ ನಿಂತಿರುತ್ತಾನೆ. ಮುಂದಿನ ಪಾಳಿಯವನು ಬರುತ್ತಾನೆ. ವಿಪರೀತ ಚಳಿ, ಮನಸ್ಸೂ ಸರಿಯಿಲ್ಲ ಅಂತ ಹೇಳಿ ಇವನು ಹೊರಟುಹೋಗುತ್ತಾನೆ. ಮತ್ತೆ ಬರುವುದೇ ಇಲ್ಲ. ಒಂದು ಕಾಲದಲ್ಲಿ ಅದೇ ನಾಟಕದ ರಾಜಕುಮಾರನಾಗಿದ್ದವರು 51ನೇ ವಯಸ್ಸಿನಲ್ಲಿ ಅದೇ ನಾಟಕದ ಕಾವಲುಗಾರ. ಇಪ್ಪತ್ತು ವರ್ಷ ಕಳೆದ ಮೇಲೆ ಟಿವಿಯಲ್ಲೂ ಕಾವಲುಗಾರನೇ. ಪೋಷಕ ನಟರ ಜೀವನ ಹೀಗೇ ಇರಬೇಕು. ಒಂದು ಬಾಗಿಲಲ್ಲಿ ರಾಜನಾಗಿ ಒಳಗೆ ಹೋಗಿ ಇನ್ನೊಂದರಲ್ಲಿ ಸೇವಕನಾಗಿ ಬರೋದು. ನಡುವೆ ಮನೆ ಬಾಡಿಗೆ ಕಟ್ಟೋದು.

ಅವರಿಗೆ ನಾಯಕನ ಪಾತ್ರವೇ ಸಿಗಲಿಲ್ಲ ಅಂತಲೂ ಅಲ್ಲ. 1937ರಲ್ಲಿ ನಿರ್ದೇಶಕ ಮೈಕೆಲ್ ಪವೆಲ್ ‘ದಿ ಎಡ್ಜ್ ಆಫ್ ದಿ ವರ್ಲ್ಡ್’ ತೆಗೆದರು. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದವರು 1930ರಲ್ಲಿ ಬದುಕು ಸಾಗಿಸಲಾಗದೆ ಊರಿಗೆ ಊರೇ ಖಾಲಿ ಮಾಡಿ ಹೋದರಲ್ಲ, ಅದರಿಂದ ಹುಟ್ಟಿದ ಕಥೆ. ಶೂಟಿಂಗ್ ಆಗಿದ್ದು ಶೆಟ್‌ಲೆಂಡಿನ ಫೂಲಾ ದ್ವೀಪದಲ್ಲಿ. ಲಾರಿ ಊರು ಬಿಡಲೊಲ್ಲದ ಹಟಮಾರಿ ಹಿರಿಯ. ಅಲ್ಲಿಯ ಬಂಡೆಗಳ ಅಂಚು ನೋಡಿದರೆ ಮನೆಯಲ್ಲಿ ಕೂತ ನನಗೇ ಕಾಲು ನಡುಗಿತು. 1978ರಲ್ಲಿ ಪವೆಲ್ ಮತ್ತೆ ಅಲ್ಲಿಗೆ ಹೋದರು, ಚಿತ್ರತಂಡದಲ್ಲಿ ಉಳಿದಿದ್ದ ಕೆಲವರನ್ನು ಕರೆದುಕೊಂಡು. ಲಾರಿಯೂ ಹೋದರು. 81 ವರ್ಷ ಆಗ. ಎರಡು ವರ್ಷಕ್ಕೆ ತೀರಿಕೊಂಡರು.

81ರಲ್ಲಿ ಆ ಗಾಳಿಗೆ, ಆ ಕಡಲಿಗೆ ಯಾರು ಹೋಗುತ್ತಾರೆ? ತಾನು ಮಾಡಿದ್ದರಲ್ಲಿ ಇದು ನನ್ನದು ಅಂತ ಅವರಿಗೆ ಅನಿಸಿದ್ದು ಇದೇ ಇರಬಹುದು. ಪೂರ್ವ ಗ್ಲಾಸ್ಗೋದಲ್ಲಿ ಒಂದು ಬೀದಿ ಇದೆ. ಮಳೆ ಬಂದಾಗಲೆಲ್ಲ ಮನೆಗಳ ಹಿಂದೆ ನೀರು ನುಗ್ಗುತ್ತಿತ್ತು. ಈಗ ನುಗ್ಗುವುದಿಲ್ಲ. ಯಾಕೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಮಾತ್ರ ಜೋರು ಮಳೆ ಬಂದ ದಿನ ಆ ಕಡೆಯ ಬಸ್ಸು ಹತ್ತುತ್ತೇನೆ, ಕೆಲಸ ಇಲ್ಲದಿದ್ದರೂ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ. ಭಾಷಣ, ‘ಜೊತೆಗೆ’, ‘ಕೂಡ’, ಎಲ್ಲ. ಸುಮ್ಮನೆ ಕೇಳಿಸಿಕೊಂಡು, ‘ನನ್ನ ಕೈ ಅಳತೆ ಅಂತ ಅವರಿಗೆ ಹೇಳಿದ್ಯಾ ಇಲ್ವಾ?’ ಅಂದಳು.

ಮೊನ್ನೆ ಬುಧವಾರ ಸಂಜೆ ತಾತನ ಮೆಸೇಜು ಬಂತು. ಚಿತ್ರಾನ್ನ ಮಾಡುತ್ತಿದ್ದಾರಂತೆ. ಸಾಸಿವೆ, ಕಡಲೆಬೀಜ, ಅರಿಶಿನ ಎಲ್ಲ ಬಾಣಲೆಯಲ್ಲಿದೆ. ನಿಂಬೆಹಣ್ಣು ಒಲೆ ಮೇಲೆ ಇದ್ದಾಗಲೇ ಹಿಂಡಬೇಕಾ, ಇಳಿಸಿದ ಮೇಲಾ?

ಇಳಿಸಿದ ಮೇಲೆ, ಒಲೆ ಮೇಲೆ ಹಿಂಡಿದರೆ ಕಹಿಯಾಗುತ್ತದೆ ಅಂತ ಬರೆದೆ.

ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದೇ ಪದ ಬಂತು. ಡೂಮ್ಡ್. ಮಧ್ಯೆ ಎಂಟು ‘ಓ’ ಇತ್ತು, ಎಣಿಸಿದೆ.